ವಿಆರ್ ಹೆಡ್‌ಸೆಟ್ ಹಾಕಿದರೆ ತಲೆ ಸುತ್ತುತ್ತಿತ್ತು: ನಾನು ಏನೇನು ಬದಲಿಸಿದೆ

ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವನ್ನೇ ತೋರಿಸುವ ಸಾಧನ ವಿಆರ್ ಹೆಡ್‌ಸೆಟ್. ಮೊದಲ ವಾರ ನನ್ನದು ಬಹುಪಾಲು ಪೆಟ್ಟಿಗೆಯಲ್ಲೇ ಇತ್ತು. ಹಾಕಿಕೊಂಡ ಹತ್ತು ನಿಮಿಷಕ್ಕೆ ಹಣೆ ನೋಯುತ್ತಿತ್ತು, ಹದಿನೈದು ನಿಮಿಷಕ್ಕೆ ಹೊಟ್ಟೆ ತೊಳಸುತ್ತಿತ್ತು. ತೆಗೆದಿಟ್ಟ ಮೇಲೂ ಸಂಜೆಯವರೆಗೆ ತಲೆ ಭಾರ. ವಿಆರ್ ನನ್ನ ಮೈಗೆ ಆಗಿಬರಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಈಗ ವರ್ಷದ ಮೇಲಾಯಿತು. ವಾರದಲ್ಲಿ ನಾಲ್ಕು ದಿನ ಅದೇ ಹೆಡ್‌ಸೆಟ್ ಹಾಕಿಕೊಂಡು ಟೇಬಲ್ ಟೆನ್ನಿಸ್ ಆಡುತ್ತೇನೆ, ತಲೆನೋವಿನ ಸುಳಿವೂ ಇಲ್ಲ. ಈ ನಡುವೆ ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಪೆಟ್ಟಿಗೆಗೆ ವಾಪಸ್ ಹಾಕಿಟ್ಟವರು ಇನ್ನೂ ಎಷ್ಟೋ ಜನ ಇರುತ್ತಾರೆ ಅಲ್ವಾ?

ಮೊದಲು ಸಿಕ್ಕ ತಪ್ಪು ಕಣ್ಣಿನ ಅಳತೆಯದು. ಎರಡು ಕಣ್ಣಿನ ಪಾಪೆಗಳ ನಡುವಿನ ದೂರಕ್ಕೆ ಐಪಿಡಿ ಅನ್ನುತ್ತಾರೆ. ದೊಡ್ಡವರಲ್ಲಿ ಇದು ಸರಾಸರಿ 63 ಮಿಲಿಮೀಟರ್ ಆಸುಪಾಸು. ಆದರೆ ಮುಖದಿಂದ ಮುಖಕ್ಕೆ ಬದಲಾಗುತ್ತದೆ. ಲೆನ್ಸ್‌ಗಳು ಇದಕ್ಕೆ ಸರಿಯಾಗಿ ಕೂರದಿದ್ದರೆ ಚಿತ್ರ ಮಸುಕಾಗುತ್ತದೆ, ಕಣ್ಣು ತಾನೇ ಎಳೆದುಕೊಂಡು ಸರಿಮಾಡಲು ಹೋಗಿ ಸುಸ್ತಾಗುತ್ತದೆ. ನನ್ನದು ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್. ಅದರ ಅಡಿಯಲ್ಲಿ ಒಂದು ಪುಟ್ಟ ಚಕ್ರ ಇದೆ, ತಿರುಗಿಸಿದರೆ ಲೆನ್ಸ್‌ಗಳು ಹತ್ತಿರಕ್ಕೋ ದೂರಕ್ಕೋ ಸರಿಯುತ್ತವೆ. ಹಳೆಯ ಕ್ವೆಸ್ಟ್ 2ರಲ್ಲಿ ಲೆನ್ಸನ್ನೇ ಕೈಯಿಂದ ಸರಿಸಿ 58, 63, 68 ಈ ಮೂರರಲ್ಲಿ ಒಂದಕ್ಕೆ ಇಡಬೇಕು. ಮನೆಗೆ ತಂದ ದಿನ ಹೆಡ್‌ಸೆಟ್ ಮೊದಲು ಹಾಕಿಕೊಂಡಿದ್ದು ಅಣ್ಣ. ಅವನು ತನಗೆ ಬೇಕಾದ ಹಾಗೆ 68ಕ್ಕೆ ತಿರುಗಿಸಿದ್ದ. ನಾನು ಆ ಚಕ್ರವನ್ನು ಮುಟ್ಟಿಯೇ ಇರಲಿಲ್ಲ.

ಅಳೆಯುವುದು ಸುಲಭ. ಕನ್ನಡಿಗೆ ಒಂದು ಗೇಣು ದೂರದಲ್ಲಿ ನಿಂತು, ಹುಬ್ಬಿಗೆ ತಾಗಿಸಿ ಸ್ಕೇಲ್ ಹಿಡಿದೆ. ಬಲಗಣ್ಣು ಮುಚ್ಚಿ, ಎಡಗಣ್ಣಿನ ಪಾಪೆಯ ನಡುವಿಗೆ ಸೊನ್ನೆ ಬರುವ ಹಾಗೆ ಇಟ್ಟೆ. ಆಮೇಲೆ ಸ್ಕೇಲ್ ಅಲುಗಿಸದೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಪಾಪೆಯ ನಡುವೆ ಯಾವ ಗೆರೆ ಬಂತು ಅಂತ ನೋಡಿದೆ. ಮೂರು ಸಲ ಅಳೆದೆ. 60, 61, 60. ಅಂದರೆ ಒಂದು ವಾರ ಪೂರ್ತಿ ಏಳೆಂಟು ಮಿಲಿಮೀಟರ್ ತಪ್ಪಾಗಿಟ್ಟುಕೊಂಡು ನೋಡಿದ್ದೆ! ಚಕ್ರವನ್ನು 60ಕ್ಕೆ ತಂದ ಕೂಡಲೇ ಮೆನುವಿನ ಅಕ್ಷರಗಳು ಚೂಪಾಗಿ ಕಂಡವು. ಅರ್ಧ ತಲೆನೋವು ಅಲ್ಲೇ ಹೋಯಿತು.

ಇನ್ನರ್ಧ ಪಟ್ಟಿಯದು. ಹೆಡ್‌ಸೆಟ್ ಜಾರಿದಾಗಲೆಲ್ಲ ನಾನು ಪಕ್ಕದ ಪಟ್ಟಿ ಬಿಗಿ ಮಾಡುತ್ತಿದ್ದೆ. ಕೆನ್ನೆ, ಹಣೆ ಕೆಂಪಾಗುತ್ತಿತ್ತು, ಆದರೂ ಜಾರುತ್ತಿತ್ತು. ಕ್ವೆಸ್ಟ್ 3ರ ತೂಕ 515 ಗ್ರಾಂ, ಹೆಚ್ಚುಕಡಿಮೆ ಎಲ್ಲವೂ ಮುಖದ ಮುಂದೆ. ಈ ತೂಕದ ಕಷ್ಟ ಹೊಸದಲ್ಲ. 1968ರಲ್ಲಿ ಐವನ್ ಸದರ್ಲ್ಯಾಂಡ್ ತಲೆಗೆ ಹಾಕುವ ಪರದೆಯನ್ನು ಮಾಡಿದಾಗ ಅದು ತುಂಬಾ ಭಾರವಾಗಿ, ಸೂರಿನಿಂದಲೇ ತೂಗುಹಾಕಬೇಕಾಗಿತ್ತು. ನಮಗೆ ಸೂರು ಬೇಡ, ಆದರೆ ಭಾರವನ್ನು ಮುಖದಿಂದ ತಲೆಗೆ ದಾಟಿಸಲೇಬೇಕು. ಆ ಕೆಲಸ ಮಾಡುವುದು ನೆತ್ತಿಯ ಪಟ್ಟಿ ಮತ್ತು ಹಿಂದಲೆಯ ಪಟ್ಟಿ.

ಹಿಂದಲೆಯಲ್ಲಿ ಬೆರಳಾಡಿಸಿ ನೋಡಿ, ಕುತ್ತಿಗೆಗಿಂತ ಸ್ವಲ್ಪ ಮೇಲೆ ಒಂದು ಉಬ್ಬು ಮೂಳೆ ಸಿಗುತ್ತದೆ. ಹಿಂದಿನ ಪಟ್ಟಿ ಅದರ ಕೆಳಗೆ ಕೂರಬೇಕು. ನಾನು ಅದನ್ನು ಟೋಪಿಯ ಹಾಗೆ ಮೂಳೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ, ಅದಕ್ಕೇ ಜಾರುತ್ತಿತ್ತು. ಈಗ ಎಲ್ಲ ಪಟ್ಟಿ ಸಡಿಲ ಮಾಡಿ, ಮುಂಭಾಗವನ್ನು ಮೊದಲು ಮುಖಕ್ಕೆ ಹಿಡಿದು, ಹಿಂದಿನದನ್ನು ಕೆಳಗೆ ಎಳೆದು ಕೂರಿಸುತ್ತೇನೆ. ಆಮೇಲೆ ನೆತ್ತಿಯ ಪಟ್ಟಿಯನ್ನು, ಕೆನ್ನೆಯ ಮೇಲಿನ ಭಾರ ಏಳುವವರೆಗೆ ಎಳೆಯುತ್ತೇನೆ. ಪಕ್ಕದ್ದನ್ನು ಕೊನೆಗೆ, ಅಲುಗದಷ್ಟು ಮಾತ್ರ. ಬೇಡ ಅಂತ ತಲೆ ಆಡಿಸಿ ನೋಡುತ್ತೇನೆ. ಜಾರದೆ ನಿಂತರೆ ಸಾಕು. ಕೊನೆಯಲ್ಲಿ ಇಡೀ ಮುಂಭಾಗವನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿ, ಅಕ್ಷರ ಯಾವ ಜಾಗದಲ್ಲಿ ಅತಿ ಚೂಪೋ ಅಲ್ಲಿ ನಿಲ್ಲಿಸುತ್ತೇನೆ. ಮೊದಮೊದಲು ಇಷ್ಟಕ್ಕೆ ಐದು ನಿಮಿಷ ಹಿಡಿಯುತ್ತಿತ್ತು, ಈಗ ಅರ್ಧ ನಿಮಿಷ. ಎರಡು ತಿಂಗಳಾದ ಮೇಲೆ ಹಿಂದೆ ತಿರುಪು ಇರುವ ಗಟ್ಟಿ ಪಟ್ಟಿಯನ್ನೂ ತಗೊಂಡೆ. ಕುತ್ತಿಗೆಗೆ ಅದು ಕೊಟ್ಟ ಆರಾಮ ನೋಡಿದರೆ, ಯಾವ ಹೊಸ ಗೇಮ್ ಕೊಳ್ಳುವುದಕ್ಕಿಂತಲೂ ಮೊದಲು ಅದನ್ನೇ ಕೊಳ್ಳಿ ಅಂತ ಹೇಳುತ್ತೇನೆ.

ಕನ್ನಡಕದ ಬಗ್ಗೆ ನನಗೆ ಒಂದು ತಪ್ಪು ತಿಳುವಳಿಕೆ ಇತ್ತು. ಪರದೆ ಕಣ್ಣಿಗೆ ಇಷ್ಟು ಹತ್ತಿರ ಇದೆಯಲ್ಲ, ದೂರದ ವಸ್ತು ಕಾಣದವರಿಗೆ ಕನ್ನಡಕ ಯಾಕೆ ಅಂದುಕೊಂಡಿದ್ದೆ. ಆದರೆ ಲೆನ್ಸ್‌ಗಳು ಆ ಚಿತ್ರವನ್ನು ಒಂದು ಮೀಟರ್‌ಗಿಂತ ಆಚೆ ಇರುವ ಹಾಗೆ ತೋರಿಸುತ್ತವೆ. ಹಾಗಾಗಿ ಕನ್ನಡಕ ಬೇಕೇ ಬೇಕು. ಒಳಗಿನ ಮೆತ್ತೆಯನ್ನು ಹಿಂದಕ್ಕೆ ಸರಿಸಿ ಜಾಗ ಮಾಡಿಕೊಂಡೆ. ಕನ್ನಡಕದ ಗಾಜು ಹೆಡ್‌ಸೆಟ್ಟಿನ ಲೆನ್ಸಿಗೆ ಉಜ್ಜಿದರೆ ಗೀರು ಬಿದ್ದು ಅದು ಹಾಳಾಗುತ್ತದೆ. ಅದಕ್ಕೇ ಆಮೇಲೆ ನನ್ನ ಪವರಿಗೆ ಮಾಡಿಸಿದ ಲೆನ್ಸ್‌ಗಳನ್ನೇ ಒಳಗೆ ಕೂರಿಸಿಕೊಂಡೆ. ಇನ್ನೊಂದು ವಿಷಯ. ಕಣ್ಣು ಫೋಕಸ್ ಮಾಡುವ ದೂರ ಯಾವಾಗಲೂ ಒಂದೇ ಇರುವುದರಿಂದ, ಮೂಗಿನ ಹತ್ತಿರ ತಂದು ಹಿಡಿದ ವಸ್ತು ಕಣ್ಣಿಗೆ ಗೊಂದಲ ಕೊಡುತ್ತದೆ. ಓದುವ ಪುಟ, ಮೆನು ಎಲ್ಲವನ್ನೂ ತೋಳಿನ ಅಳತೆಗಿಂತ ದೂರಕ್ಕೆ ತಳ್ಳಿಡುತ್ತೇನೆ.

ಇನ್ನು ಹೊಟ್ಟೆ ತೊಳಸುವುದು. ಇದರಲ್ಲಿ ನಾನು ಮಾಡಿದ ದೊಡ್ಡ ತಪ್ಪು, ತಡೆದುಕೊಂಡಿದ್ದು. ಆಟದಲ್ಲಿ ಓಡುವಾಗ ನೀವು ಮುಂದೆ ಹೋಗುತ್ತಿದ್ದೀರಿ ಅಂತ ಕಣ್ಣು ಹೇಳುತ್ತದೆ. ಸುಮ್ನೆ ನಿಂತಿದ್ದೀರಿ ಅಂತ ಒಳಕಿವಿ ಹೇಳುತ್ತದೆ. ಈ ಎರಡೂ ಹೊಂದದೆ ವಾಕರಿಕೆ ಬರುತ್ತದೆ. ಇನ್ನೊಂದು ಐದು ನಿಮಿಷ ಆಡಿದರೆ ರೂಢಿಯಾಗುತ್ತದೆ ಅಂತ ಹಲ್ಲು ಕಚ್ಚಿ ಆಡಿದೆ. ರೂಢಿಯಾಗಿದ್ದು ವಾಕರಿಕೆಯೇ. ಕೊನೆಕೊನೆಗೆ ಹೆಡ್‌ಸೆಟ್ಟಿನ ಮೆತ್ತೆಯ ವಾಸನೆಗೇ ಹೊಟ್ಟೆ ಮಗುಚುತ್ತಿತ್ತು.

ಹತ್ತು ದಿನ ಪೂರ್ತಿ ಬಿಟ್ಟು, ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ನಿಂತ ಜಾಗದಲ್ಲೇ ಆಡುವ ಆಟಗಳು ಮಾತ್ರ. ಹಾಡಿನ ತಾಳಕ್ಕೆ ಕತ್ತಿ ಬೀಸುವ ಬೀಟ್ ಸೇಬರ್‌ನಲ್ಲಿ, ಟೇಬಲ್ ಟೆನ್ನಿಸ್‌ನಲ್ಲಿ ನಿಮ್ಮ ಮೈ ಎಷ್ಟು ಚಲಿಸಿತೋ ಚಿತ್ರವೂ ಅಷ್ಟೇ ಚಲಿಸುತ್ತದೆ, ಕಿವಿಗೂ ಕಣ್ಣಿಗೂ ಜಗಳವಿಲ್ಲ. ಮೂರು ವಾರ ಇಷ್ಟೇ. ಆಮೇಲೆ ನಡೆಯುವ ಆಟಗಳಿಗೆ ಹೋದಾಗ, ಸೆಟ್ಟಿಂಗ್‌ನಲ್ಲಿ ಟೆಲಿಪೋರ್ಟ್ ಹಾಕಿಕೊಂಡೆ, ಅಂದರೆ ನಡೆಯುವ ಬದಲು ತೋರಿಸಿದ ಜಾಗಕ್ಕೆ ಒಂದೇ ಸಲ ಹೋಗಿ ನಿಲ್ಲುವುದು. ತಿರುಗುವುದು ಮೆಲ್ಲಗೆ ಸುತ್ತುವ ಬದಲು ಒಂದೇ ಸಲ ಜಿಗಿದು ತಿರುಗುವ ಹಾಗೆ ಮಾಡಿದೆ. ಚಲಿಸುವಾಗ ಅಂಚು ಕಪ್ಪಾಗುವ ಆಯ್ಕೆಯೂ ಇರುತ್ತದೆ, ಅದನ್ನೂ ಬಿಡಲಿಲ್ಲ. ಮುಖಕ್ಕೆ ಎದುರಾಗಿ ಒಂದು ಟೇಬಲ್ ಫ್ಯಾನ್ ಇಟ್ಟೆ. ಲೆನ್ಸ್ ಮಂಜಾಗುವುದು ನಿಂತಿತು, ಗಾಳಿ ಬರುವ ದಿಕ್ಕಿನಿಂದ ನಾನು ಎತ್ತ ನಿಂತಿದ್ದೇನೆ ಅಂತಲೂ ಗೊತ್ತಾಗುತ್ತಿತ್ತು.

ನಿಲ್ಲಿಸುವ ಹೊತ್ತು ನನಗೆ ಹೇಳುವುದು ಗಡಿಯಾರವಲ್ಲ, ಬಾಯಿ. ಬಾಯಲ್ಲಿ ನೀರು ಬರಲು ಶುರುವಾದರೆ, ಕಾರಣವಿಲ್ಲದೆ ಆಕಳಿಕೆ ಬಂದರೆ, ಕಿವಿಯ ಹತ್ತಿರ ತಣ್ಣಗೆ ಬೆವರಿದರೆ ಅದೇ ಕ್ಷಣ ತೆಗೆದುಬಿಡುತ್ತೇನೆ. ಏನೂ ಆಗದಿದ್ದರೂ ಅರ್ಧ ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಬಿಡುವು. ತೆಗೆದ ಕೂಡಲೇ ಗಾಡಿ ಓಡಿಸಲು ಹೋಗುವುದಿಲ್ಲ.

ಜಾಗದ ವಿಷಯ ಚುಟುಕಾಗಿ ಹೇಳುತ್ತೇನೆ. 2 ಮೀಟರ್ ಉದ್ದ, 2 ಮೀಟರ್ ಅಗಲ ಖಾಲಿ ಇದ್ದರೆ ಸಾಕು. ನಡುವೆ ಸಣ್ಣ ಚಾಪೆ ಹಾಸಿ ಬರಿಗಾಲಲ್ಲಿ ನಿಂತರೆ, ಚಾಪೆ ದಾಟಿದ್ದು ಕಾಲಿಗೇ ತಿಳಿಯುತ್ತದೆ. ಸುತ್ತಲಿನ ಜಾಗವನ್ನು ಗುರುತಿಸುವ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಬೆಳಕು ಬೇಕು, ದೊಡ್ಡ ಕನ್ನಡಿ ಎದುರಿಗಿದ್ದರೆ ಮುಚ್ಚಿಡಿ. ಬಿಸಿಲು ಮಾತ್ರ ಲೆನ್ಸಿನ ಒಳಗೆ ಬೀಳಲೇಬಾರದು. ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಪರದೆ ಸುಟ್ಟುಹೋಗುತ್ತದೆ. ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಬಿಟ್ಟು ಬೇರೇನೂ ಬೇಡ.

ಹೋದ ತಿಂಗಳು ಅಮ್ಮನಿಗೂ ಹಾಕಿಕೊಟ್ಟೆ. ಮೊದಲು ಸ್ಕೇಲ್ ಹಿಡಿದು ಅಳೆದೆ, 58 ಬಂತು. ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಮೂಳೆಯ ಕೆಳಗೆ ಕೂರಿಸಿ, ಕದಲದೆ ನೋಡುವ ಕಡಲಾಳದ ವಿಡಿಯೋ ಹಾಕಿದೆ. ಏಳು ನಿಮಿಷಕ್ಕೆ ಸಾಕು ಅಂದೆ. "ಇನ್ನೂ ಸ್ವಲ್ಪ ಹೊತ್ತು ಇರ್ಲಿ ಕಣೋ" ಅಂದಳು. ನಾಳೆ ಮತ್ತೆ ನೋಡುವಿಯಂತೆ ಅಂತ ಹೇಳಿ ತೆಗೆಸಿದೆ. ಆಮೇಲೆ ನಾನು ಹಾಕಿಕೊಳ್ಳುವ ಮೊದಲು ಚಕ್ರವನ್ನು ಮತ್ತೆ 60ಕ್ಕೆ ತಿರುಗಿಸಿಕೊಂಡೆ.