ಡಿಕ್ಕಿ ಖಾಲಿ ಇರಲಿ, ಬೇಸ್ ಬರಲಿ: ಸೀಟಿನ ಕೆಳಗೆ ಸಬ್‌ವೂಫರ್ ಕೂರಿಸುವುದು ಹೇಗೆ?

ಬೇಸ್, ಅಂದರೆ ತಗ್ಗಿನ ಸದ್ದು, ಕೊಡುವ ಸ್ಪೀಕರ್ ಸಬ್‌ವೂಫರ್. ಅದರ ಹೆಸರು ಹೇಳಿದ ಕೂಡಲೇ ಕಣ್ಣಮುಂದೆ ಬರುವುದು ಡಿಕ್ಕಿಯಲ್ಲಿ ಮುಕ್ಕಾಲು ಜಾಗ ತಿಂದು ಕೂತ ಕಪ್ಪು ಪೆಟ್ಟಿಗೆ. ಆಲ್ಟೊ ಕೆ10ರ ಡಿಕ್ಕಿ 214 ಲೀಟರ್, ಹಿಂದಿನ ತಲೆಮಾರಿನ ಸ್ವಿಫ್ಟ್‌ನದು 268. ಅದರಲ್ಲಿ ಹನ್ನೆರಡು ಇಂಚಿನ ಬಾಕ್ಸ್ ಇಟ್ಟರೆ ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಎಲ್ಲಿಡುವುದು? ಸಿಎನ್‌ಜಿ ಕಾರಾದರೆ ಸಿಲಿಂಡರ್ ಆಗಲೇ ಅರ್ಧ ಜಾಗ ನುಂಗಿರುತ್ತದೆ.

ಇದಕ್ಕೆ ದಾರಿ ಅಂದರೆ ಸೀಟಿನ ಕೆಳಗೆ ತೂರುವ ಚಪ್ಪಟೆ ಸಬ್‌ವೂಫರ್. ಎತ್ತರ ಏಳೆಂಟು ಸೆಂಟಿಮೀಟರ್ ಇರುತ್ತದೆ, ಆಂಪ್ಲಿಫೈಯರ್ ಒಳಗೇ ಇರುತ್ತದೆ. ಸ್ಟೆಪ್ನಿಯ ರಿಮ್ಮಿನೊಳಗೆ ಕೂರುವ ದುಂಡನೆಯ ಮಾದರಿಗಳೂ ಸಿಗುತ್ತವೆ, ಸದ್ದೂ ಚೆನ್ನಾಗಿದೆ. ಆದರೆ ರಾತ್ರಿ ಹೊತ್ತು ಪಂಕ್ಚರ್ ಆದಾಗ ಅದನ್ನು ಬಿಚ್ಚಿ ಪಕ್ಕಕ್ಕಿಡುವ ತಾಳ್ಮೆ ಬೇಕು. ನನ್ನ ಮತ ಸೀಟಿಗೇ.

ಇಷ್ಟು ಸಣ್ಣದು ಸಾಕಾ ಅನ್ನುವ ಅನುಮಾನ ಸಹಜ. 50 ಹರ್ಟ್ಸ್‌ನ ಶಬ್ದದ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ. ನಮ್ಮ ಸಣ್ಣ ಕಾರುಗಳೋ ತೆರಿಗೆ ಲೆಕ್ಕಕ್ಕಾಗಿ ನಾಲ್ಕು ಮೀಟರ್ ಒಳಗೇ ಮುಗಿಯುತ್ತವೆ. ಹಾಗಾಗಿ ತಗ್ಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ತಿಳಿಯುವುದಿಲ್ಲ. ಜೊತೆಗೆ ಗಾಜು ಏರಿಸಿದ ಸಣ್ಣ ಕಾರು ಆ ಸದ್ದನ್ನು ತಾನೇ ಒಂದಿಷ್ಟು ಹಿಗ್ಗಿಸುತ್ತದೆ. ಬೀದಿಯವರಿಗೆಲ್ಲ ಕೇಳಿಸಬೇಕು ಅನ್ನುವವರಿಗೆ ಇದು ಸಾಲದು. ತಬಲಾದ ಡಗ್ಗಾ, ಬೇಸ್ ಗಿಟಾರ್ ಸರಿಯಾಗಿ ಕೇಳಿದರೆ ಸಾಕು ಅನ್ನುವವರಿಗೆ ಧಾರಾಳ.

ಮೊದಲು ರಟ್ಟು, ಆಮೇಲೆ ದುಡ್ಡು

ಸೀಟಿನ ಕೆಳಗೆ ಟೇಪ್ ಹಿಡಿದು ಅಳೆದರೆ ಮೋಸ ಹೋಗುತ್ತೀರಿ. ಖಾಲಿ ಸೀಟು ಮೇಲಿರುತ್ತದೆ. ಯಾರಾದರೂ ಕೂತರೆ ಸ್ಪ್ರಿಂಗ್ ಕೆಳಗಿಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಸ್ವಲ್ಪ ಭಾರ ಇರುವವರನ್ನು ಕೂರಿಸಿ. ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಸರಿಸಿ. ಎಲ್ಲಿ ಜಾಗ ಅತಿ ಕಡಿಮೆಯೋ ಆ ಅಳತೆ ಬರೆದುಕೊಳ್ಳಿ. ಸಬ್‌ವೂಫರಿನ ಉದ್ದ, ಅಗಲ, ಎತ್ತರ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಅದೇ ಅಳತೆಗೆ ಹಳೆ ರಟ್ಟಿನ ಡಬ್ಬ ಕತ್ತರಿಸಿ, ಟೇಪ್ ಸುತ್ತಿ, ಸೀಟಿನ ಕೆಳಗಿಟ್ಟು ಕೆಲವು ದಿನ ಓಡಾಡಿ. ರಟ್ಟಿನ ಮೂಲೆ ನಜ್ಜಾದರೆ ಅಲ್ಲಿ ಸೀಟಿನ ಕಬ್ಬಿಣ ತಗುಲುತ್ತಿದೆ ಅಂತ ಅರ್ಥ. ಹಿಂದೆ ಕೂತವರ ಕಾಲಿಗೆ ಅಡ್ಡ ಬರುತ್ತದಾ ಅನ್ನುವುದೂ ಗೊತ್ತಾಗುತ್ತದೆ.

ಡ್ರೈವರ್ ಸೀಟಿನ ಕೆಳಗೆ ಮಾತ್ರ ಬೇಡ. ಜೋರಾಗಿ ಬ್ರೇಕ್ ಹಾಕಿದಾಗ ಪೆಟ್ಟಿಗೆ ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಎಡಗಡೆ ಸೀಟೇ ಸರಿ. ಅಲ್ಲೂ ಬಗ್ಗಿ ಟಾರ್ಚ್ ಹಾಕಿ ನೋಡಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್, ಸೀಟ್ ಬೆಲ್ಟಿನ ವೈರು. ಅದನ್ನು ಎಳೆಯಬೇಡಿ, ಬಿಚ್ಚಬೇಡಿ, ಅದಕ್ಕೆ ಬೇರೆ ವೈರ್ ಕಟ್ಟಲೂಬೇಡಿ.

ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ

ಹೆಸರಿರುವ ಕಂಪನಿಗಳ ಮಾಲು ಹತ್ತು ಸಾವಿರದ ಆಚೀಚೆಯಿಂದ ಶುರುವಾಗುತ್ತದೆ. ಅದಕ್ಕಿಂತ ತುಂಬ ಅಗ್ಗದ್ದೂ ಸಿಗುತ್ತದೆ, ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಅಂತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಆ್ಯಕ್ಸೆಸರಿ ಅಂಗಡಿಯಾಗಲಿ, ಅಲ್ಲೇ ನಿಂತು ಒಂದು ಲೆಕ್ಕ ಹಾಕಿ. ಪೆಟ್ಟಿಗೆಯ ಪಕ್ಕದಲ್ಲೋ ವೈರಿನಲ್ಲೋ ಇರುವ ಫ್ಯೂಸ್ ಎಷ್ಟು ಆಂಪಿಯರಿನದು ನೋಡಿ. 15 ಅಂತಿದ್ದರೆ, ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಗುಣಿಸಿ. ಒಳಗೆ ಹೋಗುವುದೇ 207 ವ್ಯಾಟ್. ಅದರಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಸಾವಿರ ಎಲ್ಲಿಂದ ಬರಬೇಕು? ನೋಡಬೇಕಾದ್ದು ಆರ್‌ಎಂಎಸ್ ಅಂಕಿ, ಅಂದರೆ ಬಿಡದೆ ಸತತವಾಗಿ ಕೊಡಬಲ್ಲ ವ್ಯಾಟ್. ಸಣ್ಣ ಕಾರಿಗೆ ಆರ್‌ಎಂಎಸ್ 75ರಿಂದ 125 ಇದ್ದರೆ ಜಾಸ್ತಿಯೇ ಆಯಿತು.

ಉಳಿಸಿದ ದುಡ್ಡನ್ನು ವೈರಿಗೆ ಹಾಕಿ. ಅಪ್ಪಟ ತಾಮ್ರದ್ದು, 8 ಗೇಜ್ ಸಾಕು. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ವೈರು ನೋಡಲು ಅಷ್ಟೇ ದಪ್ಪ ಇದ್ದರೂ ಕರೆಂಟನ್ನು ಕಡಿಮೆ ಒಯ್ಯುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಪ್ಪಟ ತಾಮ್ರಕ್ಕೂ ತವರದ ಲೇಪ ಇರಬಹುದು, ಆದರೆ ಅದನ್ನು ಕೆರೆದರೆ ಒಳಗೆ ಕೆಂಪು ಬರುತ್ತದೆ.

ಈಗ ಕೈ ಹಾಕೋಣ

ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ಕೆಲವು ನಿಮಿಷ ಸುಮ್ನೆ ಬಿಡಿ. ಗಡಿಯಾರದ ಟೈಮ್ ಹೋಗುತ್ತದೆ, ಹೋಗಲಿ. ಕೆಲವು ಸ್ಟೀರಿಯೊಗಳು ಆಮೇಲೆ ಕೋಡ್ ಕೇಳುತ್ತವೆ, ಅದು ಕೈಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಒಂದು ತಗಡಿದೆ. ವೈರುಗಳು ಒಳಬರುವ ಕಡೆ ಅದಕ್ಕೆ ರಬ್ಬರ್ ಗ್ರೋಮೆಟ್ ಇರುತ್ತದೆ. ಹೊಸ ತೂತು ಕೊರೆಯುವ ಬದಲು ಆ ರಬ್ಬರಿನಲ್ಲೇ ಸಣ್ಣ ಸೀಳು ಮಾಡಿ. ಬಟ್ಟೆ ಹ್ಯಾಂಗರಿನ ತಂತಿಯನ್ನು ನೆಟ್ಟಗೆ ಮಾಡಿ, ತುದಿಗೆ ಪವರ್ ವೈರನ್ನು ಟೇಪಿನಿಂದ ಬಿಗಿದು ಮೆಲ್ಲಗೆ ಎಳೆಯಿರಿ. ಆಮೇಲೆ ಸೀಳಿಗೆ ಸಿಲಿಕೋನ್ ಹಚ್ಚಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗುತ್ತದೆ. ಸಿಎನ್‌ಜಿ ಕಾರಿನಲ್ಲಿ ಗ್ಯಾಸ್ ಪೈಪಿನ ಹತ್ತಿರಕ್ಕೂ ವೈರ್ ಒಯ್ಯಬೇಡಿ.

ಒಳಗೆ ಬಂದ ವೈರನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಅದರಡಿ ಹಾಯಿಸಿ. ಸ್ಟೀರಿಯೊದಿಂದ ಬರುವ ಸಿಗ್ನಲ್ ವೈರು ಇನ್ನೊಂದು ಕಡೆಯಿಂದ ಬರಲಿ. ಎರಡೂ ಅಕ್ಕಪಕ್ಕ ಓಡಿದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳಬಹುದು.

ಫ್ಯೂಸ್ ಹೋಲ್ಡರ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದೂವರೆ ಅಡಿಯೊಳಗೆ ಇರಲೇಬೇಕು. ಪೆಟ್ಟಿಗೆಯಲ್ಲೇ ಫ್ಯೂಸ್ ಇದೆಯಲ್ಲ ಅಂತ ಇದನ್ನು ಬಿಡುವವರಿದ್ದಾರೆ. ಪೆಟ್ಟಿಗೆಯದು ಪೆಟ್ಟಿಗೆಯನ್ನು ಕಾಯುತ್ತದೆ. ದಾರಿಯಲ್ಲಿ ವೈರಿನ ಸಿಪ್ಪೆ ಸವೆದು ಕಾರಿನ ತಗಡಿಗೆ ತಾಗಿದರೆ ಬೆಂಕಿ ತಡೆಯುವುದು ಬ್ಯಾಟರಿ ಪಕ್ಕದ ಫ್ಯೂಸ್. ಹೋಲ್ಡರ್ ಮಾತ್ರ ಹಾಕಿಡಿ, ಫ್ಯೂಸನ್ನು ಎಲ್ಲ ಮುಗಿದ ಮೇಲೆ ಸಿಕ್ಕಿಸಿ.

ತೊಂದರೆ ಕೊಡುವುದು ಹೆಚ್ಚಾಗಿ ಅರ್ತಿಂಗ್, ಅಂದರೆ ಪೆಟ್ಟಿಗೆಯ ನೆಗೆಟಿವ್ ವೈರನ್ನು ಕಾರಿನ ತಗಡಿಗೆ ಜೋಡಿಸುವುದು. ಫ್ಲೋರಿನಲ್ಲಿ ಮೊದಲೇ ಇರುವ ಯಾವುದಾದರೂ ಅರ್ತ್ ಬೋಲ್ಟ್ ಹುಡುಕಿ. ಸುತ್ತಲಿನ ಬಣ್ಣವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ತಗಡು ಹೊಳೆಯಬೇಕು. ವೈರಿನ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಉಂಗುರ) ಹಾಕಿ ಬಿಗಿ ಮಾಡಿ, ಮೇಲೆ ತುಸು ಗ್ರೀಸ್ ಸವರಿ, ತುಕ್ಕು ಹಿಡಿಯುವುದಿಲ್ಲ. ವೈರು ಅರ್ಧ ಮೀಟರಿಗಿಂತ ಉದ್ದ ಬೇಡ. ಸೀಟಿನ, ಬೆಲ್ಟಿನ ಬೋಲ್ಟು ಮುಟ್ಟಬೇಡಿ. ಫ್ಲೋರಿಗೆ ಡ್ರಿಲ್ಲಂತೂ ಬೇಡವೇ ಬೇಡ, ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹಾದುಹೋಗಿರುತ್ತವೆ.

ಕಂಪನಿ ಸ್ಟೀರಿಯೊದಲ್ಲಿ ಬಹುಪಾಲು ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಆರ್‌ಸಿಎ ಔಟ್ ಸಾಕೆಟ್ ಇರುವುದಿಲ್ಲ. ಚಿಂತೆ ಇಲ್ಲ, ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಈ ಪೆಟ್ಟಿಗೆಗಳಲ್ಲಿ ಸಾಮಾನ್ಯ. ವೈರು ಕತ್ತರಿಸುವ ಬದಲು ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ ಕೇಳಿ. ವಾರಂಟಿ ತಕರಾರೂ ತಪ್ಪುತ್ತದೆ, ಕಾರು ಮಾರುವಾಗ ಬಿಚ್ಚಿಕೊಳ್ಳಲೂಬಹುದು. ಪೆಟ್ಟಿಗೆಯನ್ನು ಆನ್ ಮಾಡುವ ರಿಮೋಟ್ ವೈರನ್ನು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೇ ಕೊಡಿ. ನೇರ ಬ್ಯಾಟರಿಗೆ ಕೊಟ್ಟರೆ ಪೆಟ್ಟಿಗೆ ಹಗಲೂ ರಾತ್ರಿ ಎಚ್ಚರವಾಗಿದ್ದು ಬ್ಯಾಟರಿ ಹೀರಿಬಿಡುತ್ತದೆ.

ಪೆಟ್ಟಿಗೆಯನ್ನು ಜೊತೆಗೆ ಬಂದ ಕ್ಲಾಂಪು ಅಥವಾ ದಪ್ಪ ವೆಲ್ಕ್ರೊದಿಂದ ಅಲುಗದಂತೆ ಕೂರಿಸಿ. ಸೀಟನ್ನು ಒಮ್ಮೆ ಪೂರ್ತಿ ಹಿಂದೆ ಮುಂದೆ ಆಡಿಸಿ, ವೈರು ಸೀಟು ಜಾರುವ ಹಳಿಗೆ ಸಿಗುತ್ತಿಲ್ಲ ತಾನೆ? ಎಲ್ಲ ಸರಿ ಇದ್ದರೆ ನೆಗೆಟಿವ್ ಹಾಕಿ, ಫ್ಯೂಸ್ ಸಿಕ್ಕಿಸಿ.

ಟ್ಯೂನಿಂಗ್

ಸ್ಟೀರಿಯೊದ ಬೇಸ್, ಟ್ರೆಬಲ್ ಸೊನ್ನೆಗೆ ತನ್ನಿ. ಲೌಡ್‌ನೆಸ್ ಆಫ್ ಮಾಡಿ. ಸಬ್‌ವೂಫರಿನಲ್ಲಿ ಗೇನ್ (ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವ ತಿರುಪು) ಪೂರ್ತಿ ಕಡಿಮೆ, ಲೋ ಪಾಸ್ (ಇಟ್ಟ ಅಂಕಿಗಿಂತ ಮೇಲಿನ ಸದ್ದನ್ನು ತಡೆಯುವ ಫಿಲ್ಟರ್) 80 ಹರ್ಟ್ಸ್. ನಿಮಗೆ ಚೆನ್ನಾಗಿ ಗೊತ್ತಿರುವ, ಗಂಡು ದನಿಯ ಹಾಡು ಹಾಕಿ ಗೇನ್ ನಿಧಾನ ಏರಿಸಿ. ದನಿ ಸೀಟಿನ ಕೆಳಗಿಂದ ಬಂದಂತೆ ಅನ್ನಿಸಿದರೆ ಲೋ ಪಾಸ್ ಇನ್ನಷ್ಟು ಇಳಿಸಿ. ಸದ್ದಿನ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ ಅನ್ನು 0, 180 ಎರಡರಲ್ಲೂ ಇಟ್ಟು ಕೇಳಿ. ಡ್ರೈವರ್ ಸೀಟಿನಲ್ಲಿ ಕೂತಾಗ ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದು ನಿಮ್ಮ ಕಾರಿಗೆ ಸರಿ. ಗೇನ್ ಅಂದರೆ ವಾಲ್ಯೂಮ್ ಅಲ್ಲ, ಪೂರ್ತಿ ತಿರುಗಿಸಿದರೆ ಸದ್ದು ಒಡೆಯುತ್ತದೆ. ಸಬ್‌ವೂಫರ್ ಆಫ್ ಮಾಡಿದಾಗ ಹಾಡು ಬಡಕಲಾಗಬೇಕು, ಆನ್ ಇದ್ದಾಗ ಅದು ಇದೆ ಅಂತಲೇ ಗೊತ್ತಾಗಬಾರದು. ಅಲ್ಲಿಗೆ ನಿಲ್ಲಿಸಿ.

ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅನ್ನುವ ಸದ್ದು ಏರಿದರೆ ಅರ್ತಿಂಗ್ ಜಾಗವನ್ನು ಮತ್ತೊಮ್ಮೆ ಉಜ್ಜಿ. ಬಾಗಿಲು ಗಡಗಡ ಅಂದರೆ ಅದು ಸಬ್‌ವೂಫರಿನ ತಪ್ಪಲ್ಲ. ಒಳಗಿನ ತಗಡಿಗೆ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿ. ಇನ್ನು ವಾಟರ್ ವಾಶ್‌ಗೆ ಕಾರು ಬಿಡುವಾಗ ಎಡ ಸೀಟಿನ ಕೆಳಗೆ ಪೈಪ್ ಹಿಡಿಯಬೇಡಿ ಅಂತ ಅಲ್ಲಿನ ಹುಡುಗರಿಗೆ ಹೇಳಿ, ಬರೀ ವ್ಯಾಕ್ಯೂಮ್ ಸಾಕು.