ಹೊಸ ಗಣಕಯಂತ್ರದಲ್ಲಿ ಹಳೆಯ ಟರ್ಬೊ ಸಿ

ಧಾರವಾಡದ ಮಳೆಗಾಲದ ತೇವಕ್ಕೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುವುದರಿಂದ, ಸಪ್ತಾಪುರದ ನಮ್ಮ ಮನೆಯ ಕಪಾಟಿನಲ್ಲಿದ್ದ ಟರ್ಬೊ ಸಿ (ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆದು ಓಡಿಸುವ ಹಳೆಯ ತಂತ್ರಾಂಶ) ಡಿಸ್ಕುಗಳನ್ನು ಮೊದಲು ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ನಕಲು ಮಾಡಿಕೊಂಡೆ. ನೀವೂ ಅಲ್ಲಿಂದಲೇ ಆರಂಭಿಸಿರಿ. (ಓದಲಾಗದ ಡಿಸ್ಕನ್ನು ಮತ್ತೆ ಮತ್ತೆ ತಿರುಗಿಸಬಾರದು, ಮೇಲ್ಪದರವೇ ಕಿತ್ತುಬಂದೀತು.) ಈ 16 ಬಿಟ್ ತಂತ್ರಾಂಶವು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲವಾದ್ದರಿಂದ, ಹಳೆಯ ಡಾಸ್ (ವಿಂಡೋಸ್‌ಗೂ ಹಿಂದಿನ ಕಾರ್ಯಾಚರಣೆ ವ್ಯವಸ್ಥೆ) ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಸ್ಥಾಪಿಸಿ, ಕಡತಗಳಿರುವ ಫೋಲ್ಡರನ್ನು ಮೌಂಟ್ ಆದೇಶದಿಂದ ಸಿ ಡ್ರೈವ್ ಆಗಿ ಜೋಡಿಸಬೇಕು. ಹೆಚ್ಚಿನವರು ಎಡವುವುದು ಇದರ ನಂತರವೇ: ಟರ್ಬೊ ಸಿಯ ಆಪ್ಷನ್ಸ್ ಪಟ್ಟಿಯ ಡೈರೆಕ್ಟರೀಸ್‌ನಲ್ಲಿರುವ ಇನ್‌ಕ್ಲೂಡ್ ಹಾಗೂ ಲಿಬ್ ದಾರಿಗಳು ಹೊಸ ಸ್ಥಳಕ್ಕೆ ಹೊಂದದಿದ್ದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ, ಸಿದ್ಧ ಫಂಕ್ಷನ್‌ಗಳ ವಿವರವಿರುವ ಹೆಡರ್ ಕಡತಗಳೇ ಸಿಗುವುದಿಲ್ಲ, ಚಿತ್ರ ಬಿಡಿಸುವ ಪ್ರೋಗ್ರಾಮುಗಳಲ್ಲಂತೂ ಗ್ರಾಫಿಕ್ಸ್ ಆರಂಭಿಸುವ ಇನಿಟ್‌ಗ್ರಾಫ್ ಫಂಕ್ಷನ್‌ಗೆ ಕೊಟ್ಟ ಬಿಜಿಐ (ಗ್ರಾಫಿಕ್ಸ್ ಚಾಲಕ ಕಡತಗಳ) ದಾರಿಯನ್ನೂ ತಿದ್ದಲೇಬೇಕು. ಕಡತದ ಹೆಸರು 8 ಅಕ್ಷರಗಳನ್ನು ಮೀರದಿರಲಿ. ಕಂಟ್ರೋಲ್ ಎಫ್9 ಒತ್ತಿ ಓಡಿಸಿ, ಆಲ್ಟ್ ಎಫ್5 ಒತ್ತಿ ಫಲಿತಾಂಶವನ್ನು ನೋಡಿರಿ.