ಆರು ಗಂಟೆಗೆ ಮುಚ್ಚುವ ಕಿಟಕಿ: ಒಂದು ವಾರ್ಡಿನ ಕಥೆ ಬರೆದ ನನ್ನ ಅನುಭವ

ಮನೋರೋಗ ವಾರ್ಡಿನ ಬಗ್ಗೆ ಕಥೆ ಬರೆಯಲು ಕೂತಾಗ ಎಲ್ಲ ಸುಲಭ ಅನಿಸಿತ್ತು. ಒಬ್ಬಳು ಕಟ್ಟುನಿಟ್ಟಿನ ಸಿಸ್ಟರ್, ಅವಳಿಗೆ ತಿರುಗಿ ಬೀಳುವ ಒಬ್ಬ ರೋಗಿ. ಸಂಜೆ ಆರಕ್ಕೆ ಕಿಟಕಿ ಮುಚ್ಚಬೇಕು ಅನ್ನುವುದು ವಾರ್ಡಿನ ನಿಯಮ. ಗಾಳಿ ಬೇಕು, ತೆಗೆದಿಡಿ ಅನ್ನುವುದು ಅವನ ಹಟ. ಕೂಗಾಡುತ್ತಾನೆ, ಕೊನೆಗೆ ಗಾಜು ಒಡೆಯುತ್ತಾನೆ. ಹನ್ನೆರಡು ಪುಟ ಒಂದೇ ವಾರದಲ್ಲಿ ಮುಗಿಯಿತು.

ಅಂಥ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನರ್ಸ್ ಒಬ್ಬರಿದ್ದಾರೆ. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಅವರಿಗೆ ಓದಲು ಕೊಟ್ಟೆ. "ಇಷ್ಟೊಂದು ಕೂಗಾಟ ಯಾಕೋ? ಅಲ್ಲಿ ಜಗಳ ಹೀಗೆ ನಡೆಯಲ್ಲ" ಅಂದರು. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟರು. "ಕುಡಿ. ಈಗ ಬಾಯಿ ತೆಗಿ. ನಾಲಿಗೆ ಮೇಲೆತ್ತು. ಆ ಕಡೆ ಕೆನ್ನೆ ತೋರಿಸು. ಈ ಕಡೆ." ಮಾತ್ರೆ ನುಂಗದೆ ಬಾಯಲ್ಲೇ ಅಡಗಿಸಿಕೊಳ್ಳುವವರನ್ನು ಹೀಗೆ ನೋಡುತ್ತಾರಂತೆ. ಅವರ ದನಿ ಮೆತ್ತಗಿತ್ತು, ಸಿಟ್ಟಿನ ಸುಳಿವೇ ಇರಲಿಲ್ಲ. ಆದರೂ ಬಾಯಿ ತೆರೆದುಕೊಂಡು ನಿಂತ ಆ ಹೊತ್ತಿನಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಹನ್ನೆರಡು ಪುಟದ ಕೂಗಾಟದಲ್ಲಿ ಇಲ್ಲದ್ದು ಆ ಒಂದು ಲೋಟ ನೀರಿನಲ್ಲಿತ್ತು.

ಎರಡನೇ ಸಲ ಬರೆಯುವಾಗ ಗಾಜು ಒಡೆಯುವ ಭಾಗ ತೆಗೆದುಹಾಕಿದೆ. ಈಗ ನನ್ನ ರೋಗಿ ಆರು ಗಂಟೆಗೆ ಹೋಗಿ ಕಿಟಕಿ ಪಕ್ಕ ಸುಮ್ನೆ ನಿಲ್ಲುತ್ತಾನೆ. ಮರುದಿನ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಮೂರನೇ ದಿನ ಐದು ಜನ. ಸಿಸ್ಟರ್ ಯಾರನ್ನೂ ಬೈಯುವುದಿಲ್ಲ, ಕೇಸ್ ಶೀಟಿನಲ್ಲಿ ಬರೆಯುತ್ತಾಳೆ: 'ಚಡಪಡಿಕೆ ಜಾಸ್ತಿಯಾಗಿದೆ.' ಡೋಸ್ ಏರುತ್ತದೆ.

ಈ ದಾರಿ ಹೊಳೆದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹಾನ್ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಕಾಯಿಲೆ ಇಲ್ಲದವರು ರೋಗಿಗಳಂತೆ ಆಸ್ಪತ್ರೆ ಸೇರಿ, ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರಂತೆ. ಆ ಬರೆಯುವುದನ್ನೂ ರೋಗದ ಲೆಕ್ಕಕ್ಕೇ ಸೇರಿಸಿದರು ಅನ್ನುತ್ತದೆ ಲೇಖನ. ಆ ಅಧ್ಯಯನದ ಸಾಚಾತನದ ಬಗ್ಗೆ ಆಮೇಲೆ ಗಂಭೀರ ಅನುಮಾನಗಳು ಎದ್ದಿವೆ, ಅದನ್ನು ಸಾಕ್ಷಿ ಅಂತ ನಾನು ಹಿಡಿಯುವುದಿಲ್ಲ. ಆದರೆ ಅದು ತೋರಿಸಿದ ಗಂಟು ಕಥೆಗೆ ಬೇಕಿತ್ತು. ಎದುರಾಡಿದರೆ ಕಾಯಿಲೆ ಜಾಸ್ತಿಯಾಗಿದೆ ಅಂತ. ಸುಮ್ಮನಿದ್ದರೆ ಔಷಧ ಹಿಡಿದಿದೆ ಅಂತ. ಇದರಿಂದ ಹೊರಗೆ ಬರುವುದು ಹೇಗೆ?

ಸಿಸ್ಟರ್ ಪಾತ್ರ ಮಾತ್ರ ಇನ್ನೂ ಒಣಕಲಾಗಿತ್ತು. "ಕಿಟಕಿ ಯಾಕೆ ಮುಚ್ತಾಳೆ ಅವಳು?" ಅಂತ ಅಕ್ಕ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇಟ್ಟುಕೊಂಡು ಒಂದಷ್ಟು ಚರಿತ್ರೆ ಓದಿದೆ. ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು 1935ರಲ್ಲಿ ಶುರು ಮಾಡಿದ ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಎಷ್ಟೋ ಜನ ಅದರಿಂದ ತಣ್ಣಗಾದರು, ಜೊತೆಗೆ ತಮ್ಮತನವನ್ನೂ ಕಳೆದುಕೊಂಡರು. ಮಾಡಿದ ವೈದ್ಯರಲ್ಲಿ ಹೆಚ್ಚಿನವರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂತ ನಂಬಿದ್ದರು. ಕೇಡಿಗಿಂತ ಆ ನಂಬಿಕೆಯೇ ನನಗೆ ಹೆಚ್ಚು ಭಯ ಹುಟ್ಟಿಸಿತು. 1952ರಲ್ಲಿ ಮನೋರೋಗಕ್ಕೆ ಕ್ಲೋರ್‌ಪ್ರೊಮಜೈನ್ ಅನ್ನುವ ಔಷಧ ಬಳಕೆಗೆ ಬಂದಮೇಲೆ, ರೋಗಿಗಳನ್ನು ತಣ್ಣಗಾಗಿಸುವ ಆ ಕೆಲಸದ ದೊಡ್ಡ ಪಾಲು ಮಾತ್ರೆಗೆ ಬಂತು. ಮಾತ್ರೆ ತಗೊಂಡು ಎಷ್ಟೋ ಜನ ಮನೆಗೆ ಮರಳಿದ್ದಾರೆ, ಅದನ್ನು ಮರೆತು ಬರೆಯಬಾರದು ಅಂತಲೂ ಗಟ್ಟಿ ಮಾಡಿಕೊಂಡೆ.

ಹಾಗೆ ಸಿಸ್ಟರ್‌ಗೆ ಒಂದು ಹಳೆಯ ಸಂಜೆ ಕೊಟ್ಟೆ. ಅವಳ ಡ್ಯೂಟಿಯಲ್ಲೇ ಒಬ್ಬ ರೋಗಿ ಅದೇ ಕಿಟಕಿಯಿಂದ ಹಾರಿದ್ದ. ಇದನ್ನು ಕಥೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಚಿಲಕವನ್ನು ಎರಡು ಸಲ ಮುಟ್ಟಿ ನೋಡುತ್ತಾಳೆ, ಅಷ್ಟೆ. ಅಲ್ಲಿಂದ ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕು ಅಂತ ನನಗೇ ಗೊಂದಲವಾಯಿತು. ಕಥೆ ಉಸಿರಾಡಲು ಶುರು ಮಾಡಿತು.

ಕಥೆ ಹೇಳುವವರನ್ನೂ ಬದಲಿಸಿದೆ. ರೋಗಿಯ ಬಾಯಲ್ಲಿ ಹೇಳಿಸಿದರೆ ಭಾಷಣವಾಗುತ್ತಿತ್ತು. ಸಿಸ್ಟರ್ ಹೇಳಿದರೆ ಸಮರ್ಥನೆ. ಕೊನೆಗೆ ಆಯಾ ಸಿಕ್ಕಳು. ಸೊಂಟದಲ್ಲಿ ಇಡೀ ವಾರ್ಡಿನ ಬೀಗದ ಕೈ ಗೊಂಚಲು, ಆದರೆ ಅವಳ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ.

ಕೊನೆಯ ಸಂಜೆ ಅವನು ಔಷಧದ ಮಂಪರಿನಲ್ಲಿ ಮಲಗಿದ್ದಾನೆ. ಆರು ಗಂಟೆ. ಕಿಟಕಿ ಹತ್ತಿರ ಯಾರೂ ಇಲ್ಲ. ಆಯಾ ಬಂದು ಎಂದಿನಂತೆ ಕದ ಮುಚ್ಚುತ್ತಾಳೆ, ಚಿಲಕ ಹಾಕುವುದಿಲ್ಲ. ಅಲ್ಲಿಗೇ ನಿಲ್ಲಿಸಿದ್ದೆ.

ಅಕ್ಕ ಓದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವಳ ಕೆಲಸ ಹೋಗುತ್ತೆ. ಅದನ್ನೂ ಬರಿ" ಅಂದರು. ಅವತ್ತು ರಾತ್ರಿಯೇ ಇನ್ನೊಂದು ಸಾಲು ಸೇರಿಸಿದೆ. ಮರುದಿನದ ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರಿಲ್ಲ.